ಗಣಕದಲ್ಲಿ ಕಡತದ ಹಾದಿ

ಕೆಲವು ತಿಂಗಳ ಹಿಂದೆ ನಮ್ಮ ಕಾಲೇಜಿನ ಪ್ರಯೋಗಶಾಲೆಯಲ್ಲಿ ಒಂದು ಒಗಟಿನಂಥ ಪ್ರಸಂಗ ನಡೆಯಿತು. ಮಾಂಬಳ್ಳಿಯಿಂದ ಬರುವ ವಿದ್ಯಾರ್ಥಿಯೊಬ್ಬನು ಒಂದು ಮುಂಗಾರಿನ ಉದ್ದಕ್ಕೂ ಗೆಳೆಯರ ನೆರವಿನಿಂದ ಸುತ್ತಣ ನಾಲ್ಕು ಊರುಗಳ ಮಳೆಯ ಅಳತೆಯನ್ನು ದಿನದಿನವೂ ಸಂಗ್ರಹಿಸಿ, ಊರಿಗೊಂದರಂತೆ ನಾಲ್ಕು ಕಡತಗಳಲ್ಲಿ ಬರೆದಿಟ್ಟಿದ್ದನು. ಕಡತಗಳಿಗೆ ಅಚ್ಚ ಕನ್ನಡದಲ್ಲೇ ಹೆಸರು: ಮಾಂಬಳ್ಳಿ, ಯಳಂದೂರು, ಹನೂರು, ಕೊಳ್ಳೇಗಾಲ. ಬರೆದದ್ದು ಅವನ ಅಣ್ಣನ ಹಳೆಯ ಮ್ಯಾಕಿಂತೋಷ್ ಗಣಕದಲ್ಲಿ. ಲೆಕ್ಕ ಹಾಕಬೇಕಾದದ್ದು ಪ್ರಯೋಗಶಾಲೆಯ ಲಿನಕ್ಸ್ ಗಣಕದಲ್ಲಿ. ಜಾಲದ ಮೂಲಕ ನಾಲ್ಕನ್ನೂ ನಕಲು ಮಾಡಿ, ಅಲ್ಲಿಯ ಮೂಲವನ್ನು ಅಳಿಸಿ ಬಂದಿದ್ದನು. ಸರಾಸರಿ ತೆಗೆಯುವ ಪ್ರೋಗ್ರಾಮನ್ನು ನಡೆಸಿದಾಗ ಮೊದಲ ಮೂರು ಕಡತಗಳು ತೆರೆದುಕೊಂಡವು. ನಾಲ್ಕನೆಯದಕ್ಕೆ, ಅಂಥ ಕಡತವೇ ಇಲ್ಲವೆಂದು ಯಂತ್ರವು ಉತ್ತರವಿತ್ತಿತು.

"ಸಾರ್, ಹೆಸರು ಇಲ್ಲೇ ಕಾಣುತ್ತಿದೆಯಲ್ಲ!" ಎಂದು ಹುಡುಗನು ಪರದೆಯನ್ನು ತೋರಿಸಿದನು. ನಿಜ. ಕೋಶದ ಪಟ್ಟಿಯಲ್ಲಿ ಕೊಳ್ಳೇಗಾಲವೆಂದಿತ್ತು. ಪ್ರೋಗ್ರಾಮಿನಲ್ಲಿಯೂ ಕೊಳ್ಳೇಗಾಲವೆಂದೇ ಬರೆದಿತ್ತು. ಒಂದು ಅಕ್ಷರದ ವ್ಯತ್ಯಾಸವೂ ಕಣ್ಣಿಗೆ ಬೀಳಲಿಲ್ಲ. ಕಡತ ಕೆಟ್ಟಿತೆಂದು ಬಗೆದು ಅವನು ಅದನ್ನು ಅಳಿಸಿಹಾಕುವುದರಲ್ಲಿದ್ದನು. ನಾಲ್ಕು ತಿಂಗಳ ಮಳೆ ಅದರಲ್ಲಿತ್ತು.

ಈ ಒಗಟನ್ನು ಬಿಡಿಸಬೇಕಾದರೆ ಕಡತದ ಹಾದಿಯೆಂದರೇನು ಎಂಬಲ್ಲಿಂದಲೇ ಹೊರಡಬೇಕು. ಮೇಲುನೋಟಕ್ಕೆ ಅದು ಅತಿ ಸಾಮಾನ್ಯವಾದ ವಿಷಯ. ಆದರೆ ಎಲ್ಲ ಬಗೆಯ ಗಣಕಗಳಲ್ಲಿಯೂ ಸರಿಯಾಗಿ ನಡೆಯುವಂತೆ ಈ ಹಾದಿಯನ್ನು ನಿರ್ವಹಿಸುವ ಸಿದ್ಧ ಪ್ರೋಗ್ರಾಮುಗಳ ಭಂಡಾರವೊಂದನ್ನು (ಇದನ್ನೇ ಬಳಕೆಯಲ್ಲಿ ಲೈಬ್ರರಿ ಎನ್ನುವರು) ರಚಿಸಹೊರಟವರು ನಲವತ್ತು ವರ್ಷಗಳಿಂದಲೂ ಎಡವುತ್ತ ಬಂದಿದ್ದಾರೆ.

ಕಡತ ಎಂಬ ಮಾತು ನಮಗೆ ತಾಲ್ಲೂಕು ಕಚೇರಿಯಿಂದ ಪರಿಚಿತ. ಅದಕ್ಕೂ ಹಿಂದೆ, ಹುಣಿಸೆ ಬೀಜದ ಅಂಟಿಗೆ ಇದ್ದಿಲಪುಡಿಯನ್ನು ಬೆರೆಸಿ ಬಟ್ಟೆಗೆ ಬಳಿದು, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಬರೆಯುತ್ತಿದ್ದ ಕರಿಯ ಪುಸ್ತಕಕ್ಕೆ ಆ ಹೆಸರಿತ್ತು. ಗಣಕದ ಕಡತವಾದರೋ ಡಿಸ್ಕಿನಲ್ಲಿ ಎಲ್ಲಿಯೋ ಕುಳಿತಿರುವ ಬೈಟುಗಳ ಒಂದು ಸಾಲು. ಅದನ್ನು ಹುಡುಕಿ ತೆಗೆಯಲು ಕೋಶಗಳ ವ್ಯವಸ್ಥೆಯಿದೆ: ಕೋಶದೊಳಗೆ ಕೋಶ, ಅದರೊಳಗೆ ಮತ್ತೊಂದು, ಕಡೆಗೆ ಕಡತ. ಹೊರಗಿನಿಂದ ಒಳಗಿನವರೆಗೆ ಕೋಶಗಳ ಹೆಸರನ್ನು ಅನುಕ್ರಮವಾಗಿ ಬರೆದರೆ ಅದೇ ಕಡತದ ಹಾದಿ.

ಅಂಚೆಯ ವಿಳಾಸಕ್ಕೂ ಇದಕ್ಕೂ ಹೋಲಿಕೆಯಿದೆ. ಕಾಗದದ ಮೇಲೆ ನಾವು ಮಾಂಬಳ್ಳಿ, ಯಳಂದೂರು ತಾಲ್ಲೂಕು, ಚಾಮರಾಜನಗರ ಜಿಲ್ಲೆ, ಕರ್ನಾಟಕ ಎಂದು ಚಿಕ್ಕದರಿಂದ ದೊಡ್ಡದಕ್ಕೆ ಹೋಗುತ್ತೇವೆ. ಗಣಕವು ದೊಡ್ಡದರಿಂದ ಚಿಕ್ಕದಕ್ಕೆ ಬರುತ್ತದೆ:

/ಕರ್ನಾಟಕ/ಚಾಮರಾಜನಗರ/ಯಳಂದೂರು/ಮಾಂಬಳ್ಳಿ

ಮೊದಲಿಗಿರುವ ಓರೆಗೆರೆಯು ಮರದ ಬೇರನ್ನು ಸೂಚಿಸುತ್ತದೆ. ಉಳಿದ ಓರೆಗೆರೆಗಳು ಹೆಸರುಗಳನ್ನು ಬೇರ್ಪಡಿಸುತ್ತವೆ. ಬೇರಿನಿಂದಲೇ ಹೊರಡುವ ಇಂಥ ಹಾದಿಗೆ ನಿರಪೇಕ್ಷ ಹಾದಿಯೆನ್ನೋಣ. ನಾವು ಈಗ ನಿಂತಿರುವ ಸ್ಥಳದಿಂದ ಹೊರಡುವುದು ಸಾಪೇಕ್ಷ ಹಾದಿ. ಅದರಲ್ಲಿ ಎರಡು ಚುಕ್ಕೆಗಳಿಗೆ "ಒಂದು ಮೆಟ್ಟಿಲು ಹೊರಕ್ಕೆ" ಎಂದರ್ಥ. ಮಾಂಬಳ್ಳಿಯಿಂದ ಕೊಳ್ಳೇಗಾಲಕ್ಕೆ ಸಾಪೇಕ್ಷ ಹಾದಿ ಹೀಗೆ:

../../ಕೊಳ್ಳೇಗಾಲ

ಒಮ್ಮೆ ಹೊರಬಂದರೆ ಯಳಂದೂರು, ಇನ್ನೊಮ್ಮೆ ಹೊರಬಂದರೆ ಚಾಮರಾಜನಗರ, ಅದರೊಳಗಣ ಕೊಳ್ಳೇಗಾಲ.

ಈ ಎರಡು ಬಗೆಗಳ ಗುಣವ್ಯತ್ಯಾಸವನ್ನು ನಮ್ಮ ಸೀಮೆಯ ಚರಿತ್ರೆಯೇ ಚೆನ್ನಾಗಿ ಕಲಿಸುತ್ತದೆ. ಯಳಂದೂರು 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ದೊರೆತು ಮೈಸೂರು ಸಂಸ್ಥಾನದಲ್ಲಿದ್ದಿತು. ಅದರ ಪಕ್ಕದ ಕೊಳ್ಳೇಗಾಲವು ಮದ್ರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಆ ಕಾಲದಲ್ಲಿ ಮಾಂಬಳ್ಳಿಯಿಂದ ಹೊರಟವನು ನಾಲ್ಕು ಸಲ ಹೊರಕ್ಕೆ ಬಂದು, ಬೇರನ್ನು ಮುಟ್ಟಿ, ಮದ್ರಾಸು, ಕೊಯಮತ್ತೂರು ಎಂದು ಇನ್ನೊಂದು ಕೊಂಬೆಯನ್ನು ಇಳಿಯಬೇಕಾಗಿತ್ತು. ಗಾಡಿಯ ದಾರಿ ಮಾತ್ರ ಇಂದಿನಷ್ಟೇ. 1956ರ ನವೆಂಬರ್ 1ರಂದು ಕೊಳ್ಳೇಗಾಲವು ಮೈಸೂರು ರಾಜ್ಯಕ್ಕೆ ಸೇರಿ ಮೈಸೂರು ಜಿಲ್ಲೆಯ ತಾಲ್ಲೂಕಾಯಿತು. ಸಾಪೇಕ್ಷ ಹಾದಿ ಒಮ್ಮೆಗೇ ಮೊಟಕಾಯಿತು. ಮುಂದೆ 1973ರಲ್ಲಿ ರಾಜ್ಯದ ಹೆಸರು ಕರ್ನಾಟಕವಾಯಿತು. 1997ರಲ್ಲಿ ಚಾಮರಾಜನಗರ ಜಿಲ್ಲೆಯಾಯಿತು. ಈ ಎರಡು ಸಲವೂ ಎರಡೂ ಊರುಗಳ ನಿರಪೇಕ್ಷ ಹಾದಿಗಳು ಬದಲಾದವು. ಒಂದರಿಂದ ಇನ್ನೊಂದಕ್ಕೆ ಹೋಗುವ ಸಾಪೇಕ್ಷ ಹಾದಿ ಮಾತ್ರ ಅಕ್ಷರವೂ ಬದಲಾಗಲಿಲ್ಲ. ಮೇಲಿನ ಕೊಂಬೆಗಳು ಹೇಗೆ ಪಲ್ಲಟಗೊಂಡರೂ ಅದಕ್ಕೆ ಧಕ್ಕೆಯಿಲ್ಲ. ಒಂದು ಪ್ರೋಗ್ರಾಮು ತನ್ನ ಜೊತೆಯ ಕಡತಗಳನ್ನು ಸಾಪೇಕ್ಷ ಹಾದಿಯಿಂದಲೇ ಗುರುತಿಸುವುದು ಲೇಸೆಂದು ಅನುಭವಸ್ಥರು ಹೇಳುವುದು ಇದರಿಂದಲೇ.

ಭೌತವಿಜ್ಞಾನವನ್ನು ಓದಿದವರಿಗೆ ಇಲ್ಲಿ ಪರಿಚಿತವಾದ ಒಂದು ಮುಖ ಕಾಣಿಸಬೇಕು. ನಿರಪೇಕ್ಷ ಹಾದಿಯೆಂಬುದು ಮೂಲಬಿಂದುವಿನಿಂದ ಅಳೆದ ಸ್ಥಾನ. ಸಾಪೇಕ್ಷ ಹಾದಿಯು ಸ್ಥಾನಪಲ್ಲಟ. ಸ್ಥಾನಕ್ಕೆ ಸ್ಥಾನಪಲ್ಲಟವನ್ನು ಕೂಡಿಸಿದರೆ ಹೊಸ ಸ್ಥಾನ ಬರುತ್ತದೆ. ಸ್ಥಾನಪಲ್ಲಟಕ್ಕೆ ಸ್ಥಾನಪಲ್ಲಟವನ್ನು ಕೂಡಿಸಬಹುದು. ಆದರೆ ಸ್ಥಾನಕ್ಕೆ ಸ್ಥಾನವನ್ನು ಕೂಡಿಸುವುದಕ್ಕೆ ಅರ್ಥವಿಲ್ಲ. ಮೈಸೂರಿಗೆ ಮಡಿಕೇರಿಯನ್ನು ಕೂಡಿಸಿದರೆ ಯಾವ ಊರು? ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡರೆ, ಹಾದಿಯು ಬರಿಯ ಅಕ್ಷರಗಳ ಸಾಲಲ್ಲ, ತನ್ನದೇ ಆದ ಜಾತಿಯೂ ಗಣಿತವೂ ಉಳ್ಳ ಒಂದು ಪರಿಮಾಣ ಎಂಬುದು ಹೊಳೆಯುತ್ತದೆ. ಅಳತೆಯ ಮಾನವನ್ನು ಮರೆತು ಮೀಟರಿಗೆ ಸೆಕೆಂಡನ್ನು ಕೂಡಿಸಿದ ವಿದ್ಯಾರ್ಥಿಗೆ ನಾವು ಸೊನ್ನೆ ಕೊಡುತ್ತೇವೆ. ಹಾದಿಯನ್ನು ಅಕ್ಷರಗಳ ಸಾಲೆಂದು ತಿಳಿದು ಹಿಂದುಮುಂದಿಲ್ಲದೆ ಜೋಡಿಸುವ ಪ್ರೋಗ್ರಾಮುಗಳನ್ನು ಮಾತ್ರ ಲೋಕವೆಲ್ಲ ಬಳಸುತ್ತಿದೆ.

ಒಂದೇ ಬಗೆಯ ಗಣಕ ಇದ್ದಿದ್ದರೆ ಆ ಅಲಕ್ಷ್ಯವೂ ಸಾಗುತ್ತಿತ್ತೇನೋ. ಆದರೆ ಹಾದಿಯನ್ನು ಬರೆಯುವ ಲಿಪಿ ಯಂತ್ರಯಂತ್ರಕ್ಕೂ ಬೇರೆಯಾಯಿತು. ಮರದಂತೆ ಕವಲೊಡೆಯುವ ಕೋಶಗಳ ವ್ಯವಸ್ಥೆಯು 1965ರಲ್ಲಿ ಪ್ರಕಟವಾದ ಮಲ್ಟಿಕ್ಸ್ ಎಂಬ ಯೋಜನೆಯಲ್ಲಿ ಸ್ಪಷ್ಟರೂಪ ತಾಳಿತು. ಅದರಲ್ಲಿ ಹೆಸರುಗಳ ನಡುವಣ ಚಿಹ್ನೆ > ಎಂಬುದು. ಆ ಯೋಜನೆಯಲ್ಲಿ ದುಡಿದಿದ್ದ ಕೆನ್ ಥಾಮ್ಸನ್ ಮತ್ತು ಡೆನಿಸ್ ರಿಚಿ ಬೆಲ್ ಪ್ರಯೋಗಶಾಲೆಯಲ್ಲಿ 1969ರಿಂದ ಕಟ್ಟಿದ ಯೂನಿಕ್ಸ್ ವ್ಯವಸ್ಥೆಯು ಓರೆಗೆರೆಯನ್ನು ಆರಿಸಿಕೊಂಡಿತು. ಇಂದಿನ ಲಿನಕ್ಸ್ ಆ ವಂಶದ್ದೇ. 1977ರ ವಿಎಂಎಸ್ ಚೌಕ ಆವರಣದೊಳಗೆ ಚುಕ್ಕೆಗಳನ್ನಿಟ್ಟು ಕೋಶಗಳನ್ನು ಬರೆದು, ಕೊನೆಗೆ ಕಡತದ ಆವೃತ್ತಿಯ ಸಂಖ್ಯೆಯನ್ನೂ ಸೇರಿಸುತ್ತಿತ್ತು. ಹಳೆಯ ಮ್ಯಾಕಿಂತೋಷ್‌ನಲ್ಲಿ ನಡುವಣ ಚಿಹ್ನೆ ವಿವರಣಾ ಚಿಹ್ನೆಯ ಎರಡು ಚುಕ್ಕೆ.

ವಿಂಡೋಸಿನ ಹಿಮ್ಮುಖ ಓರೆಗೆರೆಗೆ ಸ್ವಾರಸ್ಯವಾದ ಕಾರಣವುಂಟು. 1981ರಲ್ಲಿ ಬಂದ ಡಾಸ್‌ನ ಮೊದಲ ಆವೃತ್ತಿಯಲ್ಲಿ ಕೋಶಗಳೇ ಇರಲಿಲ್ಲ. ಡಿಸ್ಕಿಗೊಂದು ರೋಮನ್ ಅಕ್ಷರ, ಅದರ ಮುಂದೆ ಕಡತದ ಹೆಸರು, ಅಷ್ಟೆ. ಓರೆಗೆರೆಯನ್ನು ಆದೇಶಗಳಿಗೆ ಸೂಚನೆ ಕೊಡುವ ಚಿಹ್ನೆಯಾಗಿ ಆಗಲೇ ಬಳಸಿಬಿಟ್ಟಿದ್ದರು. 1983ರ ಎರಡನೆಯ ಆವೃತ್ತಿಯಲ್ಲಿ ಕೋಶಗಳು ಬಂದಾಗ ಆ ಚಿಹ್ನೆ ತೆರವಾಗಿರದಿದ್ದುದರಿಂದ \ ಎಂಬುದನ್ನು ಹಿಡಿಯಬೇಕಾಯಿತು. ಇದರಿಂದ ವಿಂಡೋಸಿನಲ್ಲಿ ಒಂದು ಮರವಲ್ಲ, ಡಿಸ್ಕಿಗೊಂದರಂತೆ ತೋಪೇ ಇದೆ. ಯೂನಿಕ್ಸ್‌ನವರು ಹೊಸ ಡಿಸ್ಕನ್ನು ಇದ್ದ ಮರಕ್ಕೇ ಕಸಿ ಮಾಡುತ್ತಾರೆ. ಡಿಸ್ಕಿನ ಅಕ್ಷರದಿಂದ ಇನ್ನೊಂದು ತೊಡಕೂ ಹುಟ್ಟಿತು. "ಸಿ" ಎಂಬ ಡಿಸ್ಕಿನ ವಿಷಯದಲ್ಲಿ ಸಿ:\ಪಾಠ ಎಂಬುದು ಸ್ಥಾನ. ಪಾಠ ಎಂಬುದು ಸ್ಥಾನಪಲ್ಲಟ. ಹಾಗಾದರೆ \ಪಾಠ ಯಾವುದು? ಬೇರಿನಿಂದ ಹೊರಟಿದೆ, ಯಾವ ಮರದ ಬೇರೆಂದು ಹೇಳಿಲ್ಲ. ಸಿ:ಪಾಠ ಯಾವುದು? ಮರವನ್ನು ಹೇಳಿದೆ, ಬೇರಿನಿಂದ ಹೊರಟಿಲ್ಲ. ಇವು ಅರೆ ಸ್ಥಾನಗಳು.

ಇಂಥ ವೈವಿಧ್ಯವನ್ನೆಲ್ಲ ಒಂದು ಸೂರಿನಡಿ ತರಲು ಮೊದಲು ದೊಡ್ಡ ಪ್ರಯತ್ನ ಮಾಡಿದುದು ಕಾಮನ್ ಲಿಸ್ಪ್ ಭಾಷೆ. 1984ರಲ್ಲಿ ಪ್ರಕಟವಾದ ಅದರ ವಿವರಣೆಯಲ್ಲಿ ಹಾದಿಯೆಂಬುದು ಆರು ಅಂಗಗಳುಳ್ಳ ವಸ್ತು: ಯಂತ್ರ, ಸಾಧನ, ಕೋಶ, ಹೆಸರು, ಬಗೆ, ಆವೃತ್ತಿ. ಯಾವ ಯಂತ್ರದ ಹಾದಿಯಾದರೂ ಒಳಗೆ ಈ ಅಂಗಗಳಾಗಿ ಒಡೆದುಕೊಳ್ಳುತ್ತದೆ. ಹೊರಗೆ ಬರೆಯುವಾಗ ಮಾತ್ರ ಆಯಾ ಯಂತ್ರದ ಚಿಹ್ನೆಗಳನ್ನು ತೊಡುತ್ತದೆ. ಇದು ಬಹು ಸರಿಯಾದ ಯೋಚನೆ. ಆದರೆ ಎಲ್ಲರ ಅಂಗಗಳನ್ನೂ ಒಟ್ಟುಮಾಡಿದುದರಿಂದ, ಯೂನಿಕ್ಸ್ ಬಳಸುವವನಿಗೆ ತನ್ನಲ್ಲಿಲ್ಲದ ಆವೃತ್ತಿ, ಸಾಧನಗಳ ಭಾರವನ್ನೂ ಹೊರಬೇಕಾಯಿತು. ಪೈಥಾನ್ ಭಾಷೆಯು ಬಹುಕಾಲ ಹಾದಿಯನ್ನು ಅಕ್ಷರಗಳ ಸಾಲಾಗಿಯೇ ನಡೆಸಿಕೊಂಡಿತು. 2012ರಲ್ಲಿ ಆಂಟ್ವಾನ್ ಪಿತ್ರು ಮಂಡಿಸಿದ ಯೋಜನೆಯಂತೆ 2014ರಲ್ಲಿ, ಅದರ 3.4ನೆಯ ಆವೃತ್ತಿಯಲ್ಲಿ, ಪಾತ್‌ಲಿಬ್ ಎಂಬ ಭಂಡಾರ ಸೇರಿತು. ಅದರಲ್ಲಿ ಹಾದಿಗಳನ್ನು ಕೂಡಿಸುವ ಚಿಹ್ನೆಯಾಗಿ ಭಾಗಾಕಾರದ ಓರೆಗೆರೆಯನ್ನೇ ಬಳಸಿದ್ದಾರೆ.

ಈ ಭಂಡಾರದ ರಚನೆಯಲ್ಲಿ ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾದುದು ಇನ್ನೊಂದು. ಹಾದಿಯ ಮೇಲೆ ಮಾಡುವ ಕೆಲಸಗಳನ್ನು ಅವರು ಎರಡು ಪಾಲು ಮಾಡಿದ್ದಾರೆ. ಹಾದಿಯ ಕೊನೆಯ ಹೆಸರೇನು, ಇದು ನಿರಪೇಕ್ಷವೆ ಸಾಪೇಕ್ಷವೆ ಎಂಬ ಪ್ರಶ್ನೆಗಳಿಗೆ ಬರವಣಿಗೆಯನ್ನು ನೋಡಿಯೇ ಉತ್ತರ ಹೇಳಬಹುದು, ಡಿಸ್ಕನ್ನು ಮುಟ್ಟಬೇಕಾಗಿಲ್ಲ. ಈ ಪಾಲಿಗೆ ಶುದ್ಧ ಹಾದಿಯೆಂದು ಹೆಸರು. ಲಿನಕ್ಸ್ ಮುಂದೆ ಕುಳಿತೇ ವಿಂಡೋಸಿನ ಶುದ್ಧ ಹಾದಿಯ ಲೆಕ್ಕ ಹಾಕಬಹುದು. ಕಡತ ಇದೆಯೆ, ಅದರ ಗಾತ್ರವೆಷ್ಟು ಎಂಬುದಕ್ಕೆ ಡಿಸ್ಕನ್ನೇ ಕೇಳಬೇಕು. ಅದು ಎರಡನೆಯ ಪಾಲು. ನಕ್ಷೆಯನ್ನು ನೋಡಿ ತಿಳಿಯುವುದು ಒಂದು, ಊರಿಗೆ ಹೋಗಿ ತಿಳಿಯುವುದು ಇನ್ನೊಂದು.

ಈ ಗೆರೆಯನ್ನು ಮರೆತರೆ ಏನಾಗುವುದೆಂಬುದಕ್ಕೆ ಆ ಎರಡು ಚುಕ್ಕೆಗಳೇ ಸಾಕ್ಷಿ. /ಮನೆ/ಮಳೆ/.. ಎಂಬುದನ್ನು ಸರಳಗೊಳಿಸಿರೆಂದರೆ ಯಾರಾದರೂ /ಮನೆ ಎನ್ನುವರು. ಒಳಹೋಗಿ ಹೊರಬಂದರೆ ಹೊರಟಲ್ಲಿಗೇ ಬಂದಂತಾಯಿತಲ್ಲವೆ? ಆದರೆ ಮಳೆ ಎಂಬುದು ನಿಜವಾದ ಕೋಶವಾಗಿರದೆ /ದತ್ತ/2024/ಮಳೆ ಎಂಬಲ್ಲಿಗೆ ಒಯ್ಯುವ ಕೊಂಡಿಯಾಗಿದ್ದರೆ? ಯೂನಿಕ್ಸ್ ವಂಶದಲ್ಲಿ ಇಂಥ ಕೊಂಡಿಗಳು ಸಾಮಾನ್ಯ. ಆಗ ಅಲ್ಲಿಂದ ಒಂದು ಮೆಟ್ಟಿಲು ಹೊರಬಂದರೆ ಸಿಗುವುದು /ದತ್ತ/2024, ಮನೆಯಲ್ಲ. ಸದಿಶಗಳ ಹೋಲಿಕೆ ಇಲ್ಲಿಗೆ ಮುರಿಯುತ್ತದೆ. (ಪುಸ್ತಕವೊಂದನ್ನು ಎರಡು ಅಕ್ಷಗಳ ಸುತ್ತ ತೊಂಬತ್ತು ತೊಂಬತ್ತು ಅಂಶ ತಿರುಗಿಸಿ, ಮತ್ತೆ ಕ್ರಮ ಬದಲಿಸಿ ತಿರುಗಿಸಿ ನೋಡಿದವರಿಗೆ, ಸದಿಶದಂತೆ ಕಾಣುವುದೆಲ್ಲ ಸದಿಶದಂತೆ ನಡೆಯದೆಂಬುದು ಗೊತ್ತೇ ಇದೆ.) ಪಾತ್‌ಲಿಬ್ ಆದುದರಿಂದ ಚುಕ್ಕೆಗಳನ್ನು ತಾನಾಗಿ ಅಳಿಸುವುದಿಲ್ಲ. ಗೋ ಭಾಷೆಯ ಭಂಡಾರವು ಬರವಣಿಗೆಯನ್ನಷ್ಟೇ ನೋಡಿ ಅಳಿಸಿಬಿಡುತ್ತದೆ. 1994ರ ಪ್ರಮಾಣಿತ ಕಾಮನ್ ಲಿಸ್ಪ್ ಇವೆರಡು ಅರ್ಥಗಳಿಗೂ ಬೇರೆಬೇರೆ ಪದಗಳನ್ನೇ ಇಟ್ಟಿತು: ಬರವಣಿಗೆಯಲ್ಲಿ ಹಿಂದಕ್ಕೆ ಎಂಬುದಕ್ಕೊಂದು, ಡಿಸ್ಕಿನಲ್ಲಿ ಮೇಲಕ್ಕೆ ಎಂಬುದಕ್ಕೊಂದು. ಈ ಒಂದು ವಿಷಯದಲ್ಲಿ ಅದನ್ನು ಮೀರಿಸಿದವರನ್ನು ನಾನು ಕಂಡಿಲ್ಲ.

ಮತ್ತೆ, ಸ್ಥಾನಕ್ಕೆ ಸ್ಥಾನವನ್ನು ಕೂಡಿಸಿದಾಗ? ಅದು ತಪ್ಪೆಂದು ಭಂಡಾರವು ಹೇಳಬೇಕಾಗಿತ್ತು. ಪಾತ್‌ಲಿಬ್ ಹಾಗೆ ಮಾಡದೆ ಮೊದಲನೆಯದನ್ನು ಸದ್ದಿಲ್ಲದೆ ಬಿಸುಟು ಎರಡನೆಯದನ್ನು ಉಳಿಸಿಕೊಳ್ಳುತ್ತದೆ. ರಸ್ಟ್, ಜಾವಾಗಳ ಪದ್ಧತಿಯೂ ಅದೇ. ಇದು ಬರಿಯ ತರ್ಕದ ಮಾತಲ್ಲ. ಜಾಲದಲ್ಲಿ ಸೇವೆ ಸಲ್ಲಿಸುವ ಗಣಕವೊಂದು, ಹೊರಗಿನವರು ಕಳುಹಿಸಿದ ಹೆಸರನ್ನು "ಸಾರ್ವಜನಿಕ" ಎಂಬ ತನ್ನ ಕೋಶಕ್ಕೆ ಕೂಡಿಸಿ ಕಡತವನ್ನು ತೆರೆಯುತ್ತದೆಂದು ಊಹಿಸಿ. ಹೆಸರಿನ ಬದಲು ಯಾರಾದರೂ ಕಿಡಿಗೇಡಿ ನಿರಪೇಕ್ಷ ಹಾದಿಯನ್ನೇ ಕಳುಹಿಸಿದರೆ, ಗೋಡೆಯೆಂದುಕೊಂಡಿದ್ದ ಕೋಶ ಮಾಯವಾಗಿ, ಗುಟ್ಟಿನ ಕಡತವೇ ಅವನ ಕೈಸೇರಬಹುದು. ಎರಡು ಚುಕ್ಕೆಗಳನ್ನು ಸಾಲಾಗಿ ಬರೆದು ಗೋಡೆ ಹಾರುವ ಉಪಾಯವೂ ಇದರ ಸೋದರ. ಇಂಥ ಕಳ್ಳದಾರಿಗಳು ಇಂದಿಗೂ ಆಗಾಗ ಬಯಲಾಗುತ್ತಿವೆ. ಅನುಕೂಲಕ್ಕಾಗಿ ಹೀಗೆ ಮಾಡಿದೆವೆಂದು ರಚಿಸಿದವರು ಹೇಳಬಹುದು, ನನಗೆ ಒಪ್ಪಿಗೆಯಿಲ್ಲ.

ಇನ್ನು ನಮ್ಮ ಕೊಳ್ಳೇಗಾಲಕ್ಕೆ ಬರೋಣ. ಹಾದಿಯ ಜೋಡಣೆಯಲ್ಲಿ ತಪ್ಪಿಲ್ಲವೆಂದಾದರೆ ದೋಷವು ಹೆಸರಿನೊಳಗೇ ಇರಬೇಕು. ಯೂನಿಕೋಡ್ ಕ್ರಮದಲ್ಲಿ ಕನ್ನಡದ ಒಂದೊಂದು ವ್ಯಂಜನಕ್ಕೂ ಒಂದೊಂದು ಸ್ವರಚಿಹ್ನೆಗೂ ಬೇರೆಬೇರೆ ಸಂಕೇತವಿದೆ; ಯುಟಿಎಫ್-8 ಎಂಬ ರೂಪದಲ್ಲಿ ಒಂದು ಸಂಕೇತಕ್ಕೆ 3 ಬೈಟು. ಮಾಂಬಳ್ಳಿ ಎಂಬಲ್ಲಿ ನಾವು ಮೂರು ಅಕ್ಷರಗಳನ್ನು ಎಣಿಸುತ್ತೇವೆ. ಗಣಕವು ಮ, ದೀರ್ಘ, ಅನುಸ್ವಾರ, ಬ, ಳ, ವಿರಾಮ, ಳ, ಗುಡಿಸು ಎಂದು 8 ಸಂಕೇತಗಳನ್ನು, 24 ಬೈಟುಗಳನ್ನು ಎಣಿಸುತ್ತದೆ. ಲಿನಕ್ಸ್‌ನ ಸಾಮಾನ್ಯ ಕಡತವ್ಯವಸ್ಥೆಯಲ್ಲಿ ಒಂದು ಹೆಸರಿಗೆ 255 ಬೈಟುಗಳ ಮಿತಿಯಿರುವುದರಿಂದ ಕನ್ನಡಕ್ಕೆ ದೊರೆಯುವುದು 85 ಸಂಕೇತ ಮಾತ್ರ. ವಿಂಡೋಸಿನಲ್ಲಿ ಅದೇ 255 ಕನ್ನಡ ಸಂಕೇತಗಳು ಹಿಡಿಯುತ್ತವೆ. ಅಲ್ಲಿ ಇಟ್ಟ ಉದ್ದನೆಯ ಹೆಸರು ಇಲ್ಲಿ ನಿಲ್ಲದು.

ಕೊ ಎಂಬುದನ್ನು ಎರಡು ಬಗೆಯಲ್ಲಿ ಬರೆಯಬಹುದು. ಕ ಎಂಬುದರ ಮುಂದೆ ಒತ್ವದ ಒಂದೇ ಸಂಕೇತವನ್ನಿಡುವುದು ಒಂದು ಬಗೆ. ಕ, ಅದಕ್ಕೆ ಎತ್ವ, ಅದಕ್ಕೆ ಊಕಾರದ ಕೊಂಬು ಎಂದು ಬಿಡಿಸಿಡುವುದು ಇನ್ನೊಂದು. ಸ್ಲೇಟಿನ ಮೇಲೆ ಮಗು ಬರೆಯುವುದು ಎರಡನೆಯ ಬಗೆಯಲ್ಲಿಯೇ! ಹಾಗೆಯೇ ಏತ್ವವೆಂದರೆ ಎತ್ವವೂ ದೀರ್ಘದ ಗುರುತೂ ಕೂಡಿದ್ದು. ಈ ಎರಡೂ ಬರವಣಿಗೆಗಳು ಸಮಾನವೆಂದು ಯೂನಿಕೋಡ್ ಸಾರಿದೆ. ಪರದೆಯ ಮೇಲೆ ಅವುಗಳ ರೂಪವೂ ಒಂದೇ. ಆದರೆ ಬೈಟುಗಳು ಬೇರೆ. ಕೊಳ್ಳೇಗಾಲವು ಕೂಡಿದ ರೂಪದಲ್ಲಿ 9 ಸಂಕೇತ, 27 ಬೈಟು. ಬಿಡಿಸಿದ ರೂಪದಲ್ಲಿ 11 ಸಂಕೇತ, 33 ಬೈಟು. ಮ್ಯಾಕಿಂತೋಷ್‌ನಲ್ಲಿ 1998ರಿಂದ ಬಳಕೆಯಲ್ಲಿದ್ದ ಕಡತವ್ಯವಸ್ಥೆಯು ಹೆಸರುಗಳನ್ನೆಲ್ಲ ಬಿಡಿಸಿಯೇ ಇಡುತ್ತಿತ್ತು. 2017ರಲ್ಲಿ ಬಂದ ಅದರ ಉತ್ತರಾಧಿಕಾರಿಯು ಕೊಟ್ಟ ರೂಪವನ್ನು ಹಾಗೆಯೇ ಉಳಿಸಿಕೊಂಡು, ಹುಡುಕುವಾಗ ಮಾತ್ರ ಎರಡನ್ನೂ ಒಂದೆಂದು ಬಗೆಯುತ್ತದೆ. ಲಿನಕ್ಸಿಗೆ ಸಾಧಾರಣವಾಗಿ ಈ ಗೊಡವೆಯೇ ಇಲ್ಲ: ಓರೆಗೆರೆಯ ಬೈಟು, ಸೊನ್ನೆಯ ಬೈಟು ಇವೆರಡನ್ನು ಬಿಟ್ಟರೆ ಹೆಸರಿನಲ್ಲಿ ಯಾವ ಬೈಟಿದ್ದರೂ ಅದಕ್ಕೆ ಸರಿ; ಬೈಟು ಹೊಂದಿದರೆ ಹೆಸರು ಹೊಂದಿತು, ಇಲ್ಲವಾದರೆ ಇಲ್ಲ. ಅಣ್ಣನ ಯಂತ್ರದಿಂದ ಬಂದ ಹೆಸರು 33 ಬೈಟಿನದು. ತಮ್ಮನು ಪ್ರಯೋಗಶಾಲೆಯಲ್ಲಿ ಬೆರಳಚ್ಚಿಸಿದ್ದು 27 ಬೈಟಿನದು. ಮಾಂಬಳ್ಳಿ, ಯಳಂದೂರು, ಹನೂರು ಎಂಬ ಹೆಸರುಗಳಲ್ಲಿ ಹೀಗೆ ಒಡೆಯುವ ಚಿಹ್ನೆ ಒಂದೂ ಇಲ್ಲ. ಆದ್ದರಿಂದಲೇ ಅವು ನಿರಾತಂಕವಾಗಿ ತೆರೆದವು.

ಹಾಗಾದರೆ ಹಾದಿಯ ಭಂಡಾರವು ಎಲ್ಲ ಹೆಸರನ್ನೂ ಒಂದೇ ರೂಪಕ್ಕೆ ತಂದುಬಿಟ್ಟರೆ ಆಗದೆ ಎಂದು ಕೇಳಬಹುದು. ಆಗದು. ಡಿಸ್ಕಿನಲ್ಲಿ ಬಿಡಿಸಿದ ರೂಪವಿದ್ದು ಭಂಡಾರವು ಕೂಡಿಸಿದ ರೂಪವನ್ನು ಕೇಳಿದರೆ ಲಿನಕ್ಸ್ ಮತ್ತೆ ಇಲ್ಲವೆನ್ನುತ್ತದೆ. ಕಡತವನ್ನು ಎಂದೆಂದಿಗೂ ತೆರೆಯಲಾಗದು. ಯೂನಿಕೋಡಿಗೆ ಹೊಂದದ ಬೈಟುಗಳುಳ್ಳ ಹಳೆಯ ಹೆಸರುಗಳೂ ಇರುತ್ತವೆ. ಅವುಗಳನ್ನು ಕೆಡಿಸದೆ ಸಾಗಿಸಲು ಪೈಥಾನ್ 2009ರಲ್ಲಿ ಒಂದು ಉಪಾಯ ಹೂಡಿತು. ರಸ್ಟ್ ಭಾಷೆ ಅವುಗಳಿಗಾಗಿಯೇ ಬೇರೊಂದು ಜಾತಿಯ ಪದಾರ್ಥವನ್ನಿಟ್ಟಿದೆ. ಡಿಸ್ಕು ಕೊಟ್ಟ ಹೆಸರನ್ನು ಮುಟ್ಟದೆ ಹಿಂದಿರುಗಿಸಬೇಕು. ಹೋಲಿಸುವಾಗ ಮಾತ್ರ ಒಂದು ರೂಪಕ್ಕೆ ತಂದು ಹೋಲಿಸಬೇಕು. ನಾವು ಮಾಡಿದುದೂ ಅಷ್ಟೆ. ಕೋಶದಲ್ಲಿರುವ ಹೆಸರುಗಳ ಪಟ್ಟಿಯನ್ನು ಡಿಸ್ಕಿನಿಂದಲೇ ಪಡೆದು, ಪ್ರತಿಯೊಂದನ್ನೂ ಕೂಡಿಸಿದ ರೂಪಕ್ಕೆ ತಂದು ನಮ್ಮ ಕೊಳ್ಳೇಗಾಲದೊಡನೆ ಹೋಲಿಸಿ, ಹೊಂದಿದುದನ್ನು ಡಿಸ್ಕು ಹೇಳಿದ ಮೂಲ ಬೈಟುಗಳಿಂದಲೇ ತೆರೆದೆವು. ಆರು ಸಾಲಿನ ಪ್ರೋಗ್ರಾಮು. ನಾಲ್ಕು ತಿಂಗಳ ಮಳೆಯೂ ಸುರಕ್ಷಿತವಾಗಿತ್ತು.

ಇದರಿಂದ ಎಲ್ಲವೂ ಬಗೆಹರಿಯಿತೆಂದಲ್ಲ. ಕನ್ನಡದಲ್ಲಿ ದೊಡ್ಡಕ್ಷರ ಸಣ್ಣಕ್ಷರಗಳ ಭೇದವಿಲ್ಲದ್ದರಿಂದ ಆ ವಿಷಯದಲ್ಲಿ ವಿಂಡೋಸ್, ಲಿನಕ್ಸ್‌ಗಳ ಜಗಳ ನಮ್ಮನ್ನು ತಟ್ಟದು. ಆದರೆ ಬಸ್ ಎಂಬಂತೆ ಅರೆಯಕ್ಷರದಲ್ಲಿ ಮುಗಿಯುವ ಪದದ ಕೊನೆಗೆ ಕೆಲವು ಕೀಲಿಮಣೆಗಳು ಕಣ್ಣಿಗೆ ಕಾಣದ ಒಂದು ಸಂಕೇತವನ್ನು ಸೇರಿಸುತ್ತವೆ. ಕೂಡಿಸುವ, ಬಿಡಿಸುವ ಯಾವ ಕ್ರಮವೂ ಅದನ್ನು ತೆಗೆಯುವುದಿಲ್ಲ. ಅದಿದ್ದ ಬಸ್ ಬೇರೆ, ಇಲ್ಲದ ಬಸ್ ಬೇರೆ.

ಆಸಕ್ತಿಯುಳ್ಳ ವಿದ್ಯಾರ್ಥಿಗಳು ತಮ್ಮ ಊರಿನ ಹೆಸರನ್ನು ಪರೀಕ್ಷಿಸಿ ನೋಡಬಹುದು. ಒಡೆಯುವ ಸ್ವರಚಿಹ್ನೆಗಳು ಐದು: ಈ, ಏ, ಐ, ಒ, ಓ ಎಂಬವುಗಳದು. ಬೆಂಗಳೂರು, ಧಾರವಾಡ, ಶಿರಸಿ ಒಡೆಯುವುದಿಲ್ಲ. ಮೈಸೂರು, ಬೀದರ ಒಡೆಯುತ್ತವೆ. ಕೋಲಾರದ ಮೊದಲಕ್ಷರದಲ್ಲಿ ಸ್ವರಚಿಹ್ನೆಯೊಂದೇ ಮೂರು ಚೂರಾಗುತ್ತದೆ. ಏಕೆಂಬುದನ್ನು ಮೇಲೆ ಹೇಳಿದುದರಿಂದಲೇ ಊಹಿಸಿ, ಬೈಟುಗಳನ್ನು ಎಣಿಸಿ ತಾಳೆನೋಡಿರಿ.